ಲೂಯಿಸನ ಏರ್‌ಗನ್: ಬೇಟೆಗೆ ಅಷ್ಟಕ್ಕಷ್ಟೇ

1803ರ ಆಗಸ್ಟ್ ಕೊನೆ. ಪಿಟ್ಸ್‌ಬರ್ಗ್ ಬಿಟ್ಟ ಮೆರಿವೆದರ್ ಲೂಯಿಸನ ದೋಣಿ ಮೂರು ಮೈಲಿ ಸಾಗಿ ಒಹಾಯೊ ನದಿಯ ನಡುಗಡ್ಡೆಯೊಂದರಲ್ಲಿ ನಿಂತಿತು. ಅಲ್ಲಿದ್ದವರಿಗೆ ಅವನ ಏರ್‌ಗನ್ ನೋಡುವ ಆಸೆ. 55 ಗಜ ದೂರದ ಗುರಿಗೆ ಏಳು ಸಲ ಹೊಡೆದು ತೋರಿಸಿ, ಕೋವಿಯನ್ನು ಒಬ್ಬನ ಕೈಗೆ ಕೊಟ್ಟ. ಅದರ ಬಳಕೆ ತಿಳಿಯದವನ ಕೈಯಲ್ಲಿ ಅದು ಸಿಡಿಯಿತು. 40 ಗಜ ಆಚೆ ನಿಂತಿದ್ದ ಹೆಂಗಸಿನ ಟೋಪಿ ಸೀಳಿದ ಗುಂಡು ಕಣತಲೆ ಸವರಿಕೊಂಡು ಹೋಯಿತು. ಅವಳು ಸತ್ತೇಹೋದಳೆಂದು ಎಲ್ಲರೂ ಹೌಹಾರಿದರು. ಸ್ವಲ್ಪ ಹೊತ್ತಿಗೆ ಎಚ್ಚರವಾಯಿತು, ಗಾಯ ಪ್ರಾಣಾಂತಿಕವಾಗಿರಲಿಲ್ಲ. ಅಮೆರಿಕದ ಪಶ್ಚಿಮ ತೀರಕ್ಕೆ ದಾರಿ ಹುಡುಕಿ ಹೊರಟ ಯಾತ್ರೆಯ ದಿನಚರಿ ಶುರುವಾಗುವುದೇ ಈ ಅವಘಡದಿಂದ.

ಆ ಕಾಲದ ಏರ್‌ಗನ್‌ಗಳಲ್ಲಿ ಹೆಸರಾಂತದ್ದು ಜಿರಾಂಡೋನಿ ಎಂಬಾತನ ರಚನೆ. ಆಸ್ಟ್ರಿಯಾ ಸೇನೆ 1780ರ ಸುಮಾರಿಗೆ ಅದನ್ನು ಒಪ್ಪಿಕೊಂಡಿತ್ತು. ಹೆಗಲಿಗೆ ಆನಿಸುವ ಹಿಂಭಾಗವೇ ಗಾಳಿ ತುಂಬುವ ಕಬ್ಬಿಣದ ಬುರುಡೆ. ನಳಿಗೆಯ ಪಕ್ಕದ ಕೊಳವೆಯಲ್ಲಿ ಇಪ್ಪತ್ತು ಚಿಲ್ಲರೆ ಗುಂಡು. ಕೋವಿಯನ್ನು ಮೇಲ್ಮುಖ ಮಾಡಿ ಅಡ್ಡಪಟ್ಟಿ ಒತ್ತಿದರೆ ಮುಂದಿನ ಗುಂಡು ಜಾಗಕ್ಕೆ ಬಂತು. ಪ್ರತಿ ಸಲವೂ ಮದ್ದು ಗಿಡಿಯಬೇಕಾದ ಕೇಪಿನ ಕೋವಿ ಕಂಡ ಮಲೆನಾಡಿನವರಿಗೆ ಇದು ಎಂಥ ಸುಖವೆಂದು ಬಿಡಿಸಿ ಹೇಳಬೇಕಿಲ್ಲ. ಸುಖದ ಬೆಲೆಯೂ ಕಡಿಮೆಯಲ್ಲ: ಬುರುಡೆ ತುಂಬಲು ಸುಮಾರು 1,500 ಸಲ ಪಂಪು ಹೊಡೆಯಬೇಕು. ಗುಂಡು ಹಾರಿದಂತೆಲ್ಲ ಒತ್ತಡ ಇಳಿದು ಏಟಿನ ಜೋರೂ ಕುಗ್ಗುತ್ತದೆ. ಯುದ್ಧದ ಕೆಸರಿನಲ್ಲಿ ರಿಪೇರಿಗೆ ಒಗ್ಗದ ಈ ನಾಜೂಕು ಯಂತ್ರವನ್ನು ಸೇನೆ 1815ರ ಹೊತ್ತಿಗೆ ಕೈಬಿಟ್ಟಿತು.

ಲೂಯಿಸನ ತಂಡಕ್ಕೆ ದಾರಿಯಲ್ಲಿ ಹೊಟ್ಟೆ ತುಂಬಿಸಿದ್ದು ಮುಖ್ಯವಾಗಿ ಮದ್ದಿನ ಕೋವಿಗಳೇ. ಏರ್‌ಗನ್ನಿನ ಕೆಲಸ ಬೇರೆ. 1804ರ ಆಗಸ್ಟ್‌ನಲ್ಲಿ ಓಟೊ, ಮಿಸೂರಿಯ ಬುಡಕಟ್ಟುಗಳ ಮುಖಂಡರ ಮುಂದೆ, ಮರುವರ್ಷ ಶೊಶೋನಿ ಬುಡಕಟ್ಟಿನವರ ಮುಂದೆ ಲೂಯಿಸ್ ಅದನ್ನು ಹಾರಿಸಿದ. ಹೊಗೆಯಿಲ್ಲ, ಕಿಡಿಯಿಲ್ಲ, ಗುಂಡು ಮಾತ್ರ ಮುಗಿಯುವುದೇ ಇಲ್ಲ! ಶೊಶೋನಿಗಳು ಅದಕ್ಕೆ ದೈವಶಕ್ತಿಯ ಪಟ್ಟ ಕಟ್ಟಿದರೆಂದು ಅವನೇ ಬರೆದಿದ್ದಾನೆ. ಮೂವತ್ತು ಚಿಲ್ಲರೆ ಜನರ ತಂಡಕ್ಕೆ ಅಪರಿಚಿತ ನೆಲದಲ್ಲಿ ಇಂಥ ಬೆರಗು ಮಾಂಸಕ್ಕಿಂತ ಹೆಚ್ಚೇ ಉಪಯೋಗಕ್ಕೆ ಬಂದಿರಬೇಕು.

ಕೋವಿ ಮಾತ್ರ ಪದೇಪದೇ ಕೈಕೊಡುತ್ತಿತ್ತು. 1805ರ ಜೂನ್ 10ರಂದು ತಂಡದ ಕಮ್ಮಾರ ಜಾನ್ ಶೀಲ್ಡ್ಸ್ ಅದರ ಮುಖ್ಯ ಸ್ಪ್ರಿಂಗ್ ಬದಲಾಯಿಸಿದ. ಆಗಸ್ಟ್‌ನಲ್ಲಿ ಗುರಿಕಣ್ಣು ಕಳಚಿತು, ಲೂಯಿಸ್ ಕೂಡಿಸಿದ.

ಆ ಕೋವಿ ಯಾವುದು? ಫಿಲಡೆಲ್ಫಿಯಾದ ಏರ್‌ಗನ್ ತಯಾರಕ ಐಸಾಯ ಲ್ಯೂಕೆನ್ಸ್ ತೀರಿಕೊಂಡ ಮೇಲೆ 1847ರಲ್ಲಿ ಹರಾಜಾದ ಅವನ ಸಾಮಾನಿನ ಪಟ್ಟಿಯಲ್ಲಿ ಯಾತ್ರೆಯ ಏರ್‌ಗನ್ ಎಂಬ ನಮೂದಿತ್ತು. ಅದರಿಂದ ಅದು ಲ್ಯೂಕೆನ್ಸ್ ಮಾಡಿದ್ದೇ ಎಂದು ಬಹಳ ಕಾಲ ನಂಬಿದ್ದರು. ಮುಂದೆ ಸಂಗ್ರಾಹಕ ರಾಬರ್ಟ್ ಬೀಮನ್ ಬಳಿಯ ಜಿರಾಂಡೋನಿಯೊಂದನ್ನು ಬಿಚ್ಚಿ ನೋಡಿದಾಗ ಮುಖ್ಯ ಸ್ಪ್ರಿಂಗ್ ಕಾರ್ಖಾನೆಯದಾಗಿರಲಿಲ್ಲ; ಲಾಳ ಕಟ್ಟುವವರ ಅರವನ್ನು ಬಗ್ಗಿಸಿ ಮಾಡಿದ್ದಾಗಿತ್ತು. ಸೆಕೆಂಡ್‌ಹ್ಯಾಂಡ್ ಕೋವಿಯಲ್ಲಿ ಇಂಥ ಕೈರಿಪೇರಿ ಕಂಡರೆ ಗಿರಾಕಿ ಬೆಲೆ ಇಳಿಸುತ್ತಾನೆ. ಇಲ್ಲಿ ಶೀಲ್ಡ್ಸ್‌ನ ಕೈಚಳಕವೆಂದು ಅದೇ ಸಾಕ್ಷಿಗೆ ನಿಂತಿತು. ಕೋವಿ ಈಗ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಅಮೆರಿಕ ಸೇನೆಯ ಸಂಗ್ರಹದಲ್ಲಿದೆ.