ಜಲಜನಕದ ಕಾರು: ಗ್ರೋವ್‌ನಿಂದ ಅಂಜನಾಪುರದ ಅಡಿಕೆ ಸಿಪ್ಪೆಯವರೆಗೆ

ಜಲಜನಕದ ಕಾರಿನ ಬೇರು ಪೆಟ್ರೋಲ್ ಕಾರಿಗಿಂತ ಹಳೆಯದು. ಜಲಜನಕ, ಆಮ್ಲಜನಕ ಕೂಡಿ ನೀರಾಗುವಾಗ ವಿದ್ಯುತ್ ಹುಟ್ಟುತ್ತದೆಂದು ವಿಲಿಯಂ ಗ್ರೋವ್ 1839ರಲ್ಲೇ ತೋರಿಸಿದ್ದರು. ಹೀಗೆ ವಿದ್ಯುತ್ ಕೊಡುವ ಇಂಧನ ಕೋಶ ಕೆಲಸಕ್ಕೆ ಬರಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. 1959ರಲ್ಲಿ ಫ್ರಾನ್ಸಿಸ್ ಬೇಕನ್ 5 ಕಿಲೋವ್ಯಾಟ್ ಸಾಮರ್ಥ್ಯದ ಕೋಶ ನಡೆಸಿದರು. ಅಪೊಲೊ ನೌಕೆಗಳಲ್ಲಿ ಅದೇ ಬಗೆಯ ಕೋಶಗಳು ಗಗನಯಾತ್ರಿಗಳಿಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಕೊಟ್ಟವು.

ಇಂಧನ ಕೋಶ ರಸ್ತೆಗಿಳಿದದ್ದು 1966ರಲ್ಲಿ. ಜನರಲ್ ಮೋಟರ್ಸ್‌ನ ಎಲೆಕ್ಟ್ರೋವ್ಯಾನ್ ಓಡಿತೇನೋ ನಿಜ, ಆದರೆ ಯಂತ್ರ, ಟ್ಯಾಂಕುಗಳೇ ಒಳಗಿನ ಜಾಗವನ್ನೆಲ್ಲ ನುಂಗಿದವು. ತೆಳು ಪೊರೆಯ ಕೋಶಗಳು ಬಂದ ಮೇಲೆ ಗಾತ್ರ ಇಳಿಯಿತು. 2014ರ ಕೊನೆಗೆ ಟೊಯೊಟಾದ ಮಿರಾಯ್ ಕಾರು ಮಾರುಕಟ್ಟೆಗೆ ಬಂತು. ಭಾರತದಲ್ಲಿ 2013ರಲ್ಲಿ ಇಸ್ರೊ ಮತ್ತು ಟಾಟಾ ಮೋಟರ್ಸ್ ಜಲಜನಕದ ಬಸ್ ಓಡಿಸಿ ನೋಡಿದವು. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2022ರ ಮಾರ್ಚ್‌ನಲ್ಲಿ ಮಿರಾಯ್ ಪರೀಕ್ಷೆಗೆ ಇಳಿಯಿತು. ಮರುವರ್ಷ ಜನವರಿಯಲ್ಲಿ ಕೇಂದ್ರ ಸರ್ಕಾರ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಈಗಿನ ಮಿರಾಯ್ ಕಾರಿನ ಗುಣ ಸ್ಪಷ್ಟ. 5.6 ಕಿಲೋ ಅನಿಲ ತುಂಬಿಸಲು ಕೆಲವೇ ನಿಮಿಷ ಸಾಕು, ಓಟ ಸುಮಾರು 650 ಕಿಲೋಮೀಟರ್, ಹೊರಬರುವುದು ನೀರು. ಕಷ್ಟ ಇರುವುದು ಕಾರಿನ ಹೊರಗೆ. ಅನಿಲವನ್ನು ವಾತಾವರಣದ ಒತ್ತಡದ ಸುಮಾರು 700 ಪಟ್ಟಿಗೆ ಅದುಮಬೇಕು. ಅಂಥ ಬಂಕ್ ದುಬಾರಿ. ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿ 2024ರಲ್ಲಿ ತನ್ನ ಕಾರು ಬಂಕ್‌ಗಳನ್ನೇ ಮುಚ್ಚಿತು. ಇಂದು ಸಿಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ ಬಂದದ್ದು. ನೀರನ್ನು ವಿದ್ಯುತ್ತಿನಿಂದ ಒಡೆದರೆ ಕಿಲೋಗೆ 50 ಯೂನಿಟ್‌ಗೂ ಹೆಚ್ಚು ಬೇಕು. ಅದೇ ವಿದ್ಯುತ್ತನ್ನು ನೇರ ಬ್ಯಾಟರಿಗೆ ತುಂಬಿದರೆ ಕಾರು ಎರಡು ಪಟ್ಟಿಗೂ ಹೆಚ್ಚು ದೂರ ಹೋಗುತ್ತದೆ.

ಹಾಗಾದರೆ ಜಲಜನಕ ಎಲ್ಲಿಂದ ಬರಬೇಕು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ದಾಸಪ್ಪ ಅವರ ತಂಡ ಒಂದು ದಾರಿ ತೋರಿಸಿದೆ. ಕೃಷಿ ಉಳಿಕೆಯಂಥ ಜೀವರಾಶಿಯನ್ನು ಆಮ್ಲಜನಕ, ಹಬೆಯೊಂದಿಗೆ ಕಾಯಿಸಿ ಅನಿಲವಾಗಿಸಿ, ಅದರಿಂದ ಜಲಜನಕ ಬೇರ್ಪಡಿಸುತ್ತಾರೆ. ಒಂದು ಕಿಲೋ ಜೀವರಾಶಿಯಲ್ಲಿ ಸುಮಾರು 60 ಗ್ರಾಂ ಜಲಜನಕವಿದ್ದರೂ ಸಿಗುವುದು 100 ಗ್ರಾಂ. ಉಳಿದದ್ದನ್ನು ಹಬೆ ಕೊಡುತ್ತದೆ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಇದೇ ಸಂಸ್ಥೆ ಸೌದೆ ಅನಿಲದಿಂದ ದೀಪ ಹೊತ್ತಿಸಿದ ಪರಂಪರೆಯ ಮುಂದುವರಿಕೆ ಇದು.

ಕುಮುದ್ವತಿ ನದಿಗೆ ಕಟ್ಟಿದ ಅಂಜನಾಪುರ ಜಲಾಶಯದ ಸುತ್ತಲಿನ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಈ ಲೆಕ್ಕ ಮುಖ್ಯ. ಮಿರಾಯ್‌ಗೆ ಒಮ್ಮೆ ಪೂರ್ತಿ ಅನಿಲ ತುಂಬಿಸಲು ಬೇಕಾದ್ದು 56 ಕಿಲೋ ಒಣ ಉಳಿಕೆ. ಇಲ್ಲಿ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿ ರಾಶಿ ಬಿದ್ದು ಹೊಗೆಯಾಡುವುದನ್ನು ಕಾಣುತ್ತೇವೆ. ಮೆಕ್ಕೆಜೋಳದ ಬೆಂಡೂ ಉಂಟು. ತೊಡಕುಗಳಿಲ್ಲದಿಲ್ಲ. ಸಿಪ್ಪೆ ಸುಗ್ಗಿಯಲ್ಲಷ್ಟೇ ಸಿಗುತ್ತದೆ, ಒಣಗಿಸಿ ಕೂಡಿಡಬೇಕು. ಇಂಗಾಲದ ಮಾನಾಕ್ಸೈಡ್ ಸ್ವಲ್ಪ ಉಳಿದರೂ ಕೋಶದ ಪ್ಲಾಟಿನಂ ಕೆಡುವುದರಿಂದ ಶುದ್ಧೀಕರಣ ಕಟ್ಟುನಿಟ್ಟಾಗಿರಬೇಕು. ದನದ ಮೇವನ್ನೂ ತೋಟದ ಗೊಬ್ಬರವನ್ನೂ ಕಸಿಯಬಾರದು.

ಮನೆಮನೆಯ ಕಾರಿಗೆ ಬ್ಯಾಟರಿಯೇ ಸಾಕು ಎಂಬುದು ನನ್ನ ನಿಲುವು. ಜಲಜನಕ ಮೊದಲು ಸಲ್ಲಬೇಕಾದ್ದು ದೂರದೂರಿಗೆ ಹೋಗುವ ಬಸ್ಸು, ಜೋಳ ಹೊರುವ ಲಾರಿಗಳಿಗೆ. ಅವು ಒಂದೇ ಡಿಪೋದಲ್ಲಿ ತುಂಬಿಸಿಕೊಳ್ಳಬಲ್ಲವು. ಅದಕ್ಕಾಗಿ ಇಲ್ಲಿನ ಸಿಪ್ಪೆ, ಬೆಂಡುಗಳನ್ನು ಪರೀಕ್ಷೆಗೆ ಒಡ್ಡಬೇಕು, ಸಿಪ್ಪೆಗೆ ರೈತರಿಗೆ ಬೆಲೆ ಸಿಗಬೇಕು. ಆ ಕೆಲಸ ಶುರುವಾಗಬೇಕಾದ್ದು ಕಾರಿನ ಷೋರೂಮಿನಲ್ಲಲ್ಲ, ಅಡಿಕೆ ಸುಲಿಯುವ ಕಣದಲ್ಲಿ.