ತರಗತಿ ಮೌಲ್ಯಮಾಪನದಲ್ಲಿ ತಂತ್ರಜ್ಞಾನ: ಕರ್ನಾಟಕದ ಚರಿತ್ರೆ

ಮಗು ಎಷ್ಟು ಕಲಿತಿದೆ, ಎಲ್ಲಿ ತಡವರಿಸುತ್ತಿದೆ ಎಂಬುದನ್ನು ತಿಳಿಯಲು ಶಿಕ್ಷಕರು ಬಳಸುವ ಸಾಧನಗಳೆಲ್ಲ ತರಗತಿ ಮೌಲ್ಯಮಾಪನದ ತಂತ್ರಜ್ಞಾನದಲ್ಲಿ ಸೇರುತ್ತವೆ. ಇಂದು ಈ ಮಾತು ಕೇಳಿದರೆ ಮೊಬೈಲು, ವೃತ್ತ ತುಂಬುವ ಓಎಂಆರ್ ಹಾಳೆ, ಮಕ್ಕಳ ಅಂಕ ದಾಖಲಿಸುವ ಸ್ಯಾಟ್ಸ್ ವ್ಯವಸ್ಥೆ ನೆನಪಿಗೆ ಬರುತ್ತವೆ. ಕರ್ನಾಟಕದಲ್ಲಿ ಈ ಚರಿತ್ರೆ ಅವುಗಳಿಗಿಂತ ಬಹಳ ಹಿಂದೆ ಶುರುವಾಗುತ್ತದೆ. ಸಾಧನಗಳು ಬದಲಾದಂತೆ ಮಕ್ಕಳ ಉತ್ತರವನ್ನು ಸಂಗ್ರಹಿಸುವುದು ಸುಲಭವಾಗುತ್ತ ಬಂದಿದೆ. ಆ ಉತ್ತರ ತಿದ್ದುಪಡಿಯಾಗಿ ಮಗುವಿಗೆ ಎಷ್ಟು ಬೇಗ ಮರಳುತ್ತದೆ ಎಂಬ ವಿಷಯದಲ್ಲಿ ಮಾತ್ರ ಏರಿಳಿತ ಕಂಡಿದೆ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ ಗಂಡಸಿಯಂಥ ಊರಿನ ಶಾಲೆಗಳೂ ಈ ಏರಿಳಿತದ ಭಾಗವೇ.

ಸರ್ಕಾರಿ ಶಾಲೆಗಳಿಗಿಂತ ಮುಂಚೆ ಊರೂರಿನಲ್ಲಿದ್ದ ಕೂಲಿಮಠಗಳಲ್ಲಿ ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಕೈ ಪಳಗಿದ ಮೇಲೆ ಕಡತ ಸಿಗುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹಾಳೆಯೇ ಕಡತ. ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದಾಗಿತ್ತು. ಕಡತದಲ್ಲಿ ದಾಖಲೆ ಉಳಿಯುತ್ತಿರಲಿಲ್ಲ, ಅಂಕವೂ ಇರಲಿಲ್ಲ. ಆದರೆ ಮಠದ ಗುರುಗಳಾದ ಐಗಳು ಎದುರಿಗೇ ಕೂತಿರುತ್ತಿದ್ದರು, ಮಗ್ಗಿ ತಪ್ಪಿದ ಕ್ಷಣದಲ್ಲೇ ತಿದ್ದುತ್ತಿದ್ದರು. ಈ ತಕ್ಷಣದ ತಿದ್ದುಪಡಿಯೇ ಮುಂದಿನ ಎಲ್ಲ ಸಾಧನಗಳನ್ನು ಅಳೆಯಲು ಸರಿಯಾದ ಅಳತೆಗೋಲು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಯಾದ ಮೇಲೆ ಸ್ಲೇಟು, ಕಪ್ಪು ಹಲಗೆ, ಹಾಜರಿ ಪುಸ್ತಕ, ಅಂಕವಹಿಗಳು ಬಂದವು. ಮೌಲ್ಯಮಾಪನಕ್ಕೆ ದಾಖಲೆ ಸಿಕ್ಕಿತು, ಅದರ ಜೊತೆಗೆ ದೂರವೂ ಬೆಳೆಯಿತು. ಒಂದು ಶಾಲೆಯ ಮಕ್ಕಳ ಉತ್ತರಪತ್ರಿಕೆಯನ್ನು ಬೇರೆ ಊರಿನಲ್ಲಿ ಕೂತವರು ತಿದ್ದತೊಡಗಿದರು. 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ರಚನೆಯಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಅದರ ಹೊಣೆಯಾಯಿತು. ಶಾಲೆಯೊಳಗಿನ ಕಿರು ಪರೀಕ್ಷೆಗಳಿಗೆ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆಯುವುದೋ ಸೈಕ್ಲೋಸ್ಟೈಲ್ ಮಾಡಿಸುವುದೋ ವಾಡಿಕೆಯಾಗಿತ್ತು. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದುಹೋದ ನಂತರ ಪರೀಕ್ಷಾ ಸುಧಾರಣೆಯ ಮಾತು ಬಲಗೊಂಡಿತು. ಘಟಕ ಪರೀಕ್ಷೆ, ಪ್ರಶ್ನೆಪತ್ರಿಕೆಯ ನೀಲನಕ್ಷೆ, ಜ್ಞಾನ-ತಿಳಿವಳಿಕೆ-ಅನ್ವಯ ಎಂಬ ವಿಂಗಡಣೆ ಶಿಕ್ಷಕರ ತರಬೇತಿಯ ಪಾಠಗಳಾದವು.

ಅಷ್ಟರಲ್ಲಿ ಹೊರದೇಶಗಳಲ್ಲಿ ಯಂತ್ರ ಉತ್ತರ ತಿದ್ದಲು ಕಲಿತಿತ್ತು. ಅಮೆರಿಕದ ಸಿಡ್ನಿ ಪ್ರೆಸ್ಸಿ 1920ರ ದಶಕದಲ್ಲೇ ಬಹು ಆಯ್ಕೆ ಪ್ರಶ್ನೆ ಕೇಳಿ ಉತ್ತರ ಸರಿಯೋ ತಪ್ಪೋ ಎಂದು ಅಲ್ಲೇ ತಿಳಿಸುವ ಯಂತ್ರವನ್ನು ಮಾಡಿದ್ದರು. ಶಾಲಾ ಶಿಕ್ಷಕರಾಗಿದ್ದ ರೆನಾಲ್ಡ್ ಜಾನ್ಸನ್ ಅವರ ಕಲ್ಪನೆಯಿಂದ ಹುಟ್ಟಿದ ಐಬಿಎಂ 805 ಯಂತ್ರ 1938ರಲ್ಲಿ ಮಾರುಕಟ್ಟೆಗೆ ಬಂತು. ಪೆನ್ಸಿಲಿನ ಸೀಸದ ಗುರುತಿನಲ್ಲಿ ವಿದ್ಯುತ್ ಹರಿಯುವುದನ್ನು ಬಳಸಿ ಅದು ಉತ್ತರ ಎಣಿಸುತ್ತಿತ್ತು. 1950ರ ದಶಕದಲ್ಲಿ ಅಯೋವಾದ ಇ. ಎಫ್. ಲಿಂಡ್‌ಕ್ವಿಸ್ಟ್ ಬೆಳಕಿನಿಂದ ಗುರುತು ಓದುವ ಯಂತ್ರವನ್ನು ರೂಪಿಸಿದರು. ಇಂದಿನ ಓಎಂಆರ್ ಈ ಪರಂಪರೆಯದು. ಕರ್ನಾಟಕದಲ್ಲಿ 1994ರಲ್ಲಿ ಸ್ಥಾಪನೆಯಾದ ಸಿಇಟಿ ಘಟಕ ನಡೆಸಿದ ಪ್ರವೇಶ ಪರೀಕ್ಷೆಯ ಮೂಲಕ ವೃತ್ತ ತುಂಬುವ ಉತ್ತರಹಾಳೆ ಮನೆಮಾತಾಯಿತು. ಆದರೆ ಅದು ವೃತ್ತಿಪರ ಕೋರ್ಸುಗಳ ಸೀಟು ಹಂಚಲು ಬಂದ ಸಾಧನ. ಪಾಠ ತಿದ್ದಲು ಅದರಿಂದ ಆದ ಉಪಯೋಗ ಕಡಿಮೆ.

ಅದೇ ಹೊತ್ತಿನಲ್ಲಿ ವಿದ್ಯುತ್ತಿನ ಹಂಗಿಲ್ಲದ ಒಂದು ಮೌಲ್ಯಮಾಪನ ಪದ್ಧತಿ ರಾಜ್ಯದಲ್ಲಿ ಹುಟ್ಟಿತು. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಸೇರಿ ಕಟ್ಟಿದ ನಲಿ-ಕಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದಿತ್ತು. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಚಿತ್ರವಿರುವ ಕಾರ್ಡು, ಪಕ್ಕದಲ್ಲಿ ಪ್ರಗತಿನೋಟ. ಒಂದು ಕಾರ್ಡು ಮುಗಿಸಿದ ಮಗು ಮುಂದಿನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಮೌಲ್ಯಮಾಪನವೂ ಒಂದು ಕಾರ್ಡೇ, ಅದು ಏಣಿಯ ನಡುವೆಯೇ ಬರುತ್ತದೆ. ಯಾರು ಎಲ್ಲಿದ್ದಾರೆ ಎಂಬುದು ಶಿಕ್ಷಕಿಗೆ ಕಣ್ಣೆತ್ತಿ ನೋಡಿದರೆ ಗೊತ್ತಾಗುತ್ತದೆ, ಮಗುವಿಗೂ ಗೊತ್ತಾಗುತ್ತದೆ. 2009-10ರ ಹೊತ್ತಿಗೆ ಈ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹರಡಿತು. ಸಾಧನ ಮತ್ತು ಬೋಧನೆ ಇಷ್ಟು ಹತ್ತಿರವಾದ ಇನ್ನೊಂದು ಉದಾಹರಣೆ ರಾಜ್ಯದ ಶಾಲಾ ಚರಿತ್ರೆಯಲ್ಲಿ ಸಿಗುವುದು ಕಷ್ಟ.

2000ದ ನಂತರ ಎರಡು ಧಾರೆಗಳು ಸಮಾನಾಂತರವಾಗಿ ಹರಿದವು. ಒಂದು, ಶಾಲೆಗಳನ್ನು ಒಟ್ಟಾಗಿ ಅಳೆಯುವುದು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2002ರಿಂದ ಈಶಾನ್ಯ ಕರ್ನಾಟಕದಲ್ಲಿ ಸರ್ಕಾರದ ಜೊತೆಗೂಡಿ ನಡೆಸಿದ ಕಲಿಕಾ ಖಾತರಿ ಕಾರ್ಯಕ್ರಮದ ಅನುಭವದ ಹಿನ್ನೆಲೆಯಲ್ಲಿ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಸಂಸ್ಥೆ ರೂಪುಗೊಂಡಿತು. ಮುಂದೆ ಅದು ಮೌಲ್ಯಾಂಕನ ಮತ್ತು ಅಂಗೀಕರಣ ಪರಿಷತ್ತಾಯಿತು. ರಾಷ್ಟ್ರೀಯ ಸಾಧನಾ ಸಮೀಕ್ಷೆಗಳು, 2024ರ ಡಿಸೆಂಬರ್‌ನಲ್ಲಿ ನಡೆದ ಪರಖ್ ಸಮೀಕ್ಷೆ ಇದೇ ಧಾರೆಯವು. ಇನ್ನೊಂದು, ಶಾಲೆಗೆ ಕಂಪ್ಯೂಟರ್ ತರುವುದು. ಅದಕ್ಕೂ ಬಹಳ ಮೊದಲೇ, 1984-85ರಲ್ಲಿ, ಕೇಂದ್ರದ ಕ್ಲಾಸ್ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳು ಬಂದಿದ್ದವು. ರಾಜ್ಯದಲ್ಲಿ 2001ರ ಸುಮಾರಿಗೆ ಮಾಹಿತಿ ಸಿಂಧು, ಆಮೇಲೆ ಐಸಿಟಿ ಯೋಜನೆಯ ಹಂತಗಳು, 2016-17ರಿಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವಾದ ಟಾಲ್ಪ್ ಬಂದವು. ಈ ಪ್ರಯೋಗಾಲಯಗಳು ಕಂಪ್ಯೂಟರ್ ಕಲಿಸಿದಷ್ಟು ಕಲಿಕೆಯನ್ನು ಅಳೆಯಲು ಒದಗಲಿಲ್ಲ. ಭಾಷೆಯೂ ಅಡ್ಡಿಯಾಯಿತು. ಶಿಕ್ಷಕರು ವರ್ಷಗಟ್ಟಲೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿಟ್ಟ ಕನ್ನಡ ಪ್ರಶ್ನೆಪತ್ರಿಕೆಗಳನ್ನು ಜಾಲತಾಣದ ಕ್ವಿಜ್ ನಮೂನೆಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತಿದ್ದವು. ಯೂನಿಕೋಡ್ ಬಳಕೆಗೆ ಬಂದ ಮೇಲಷ್ಟೇ ಕನ್ನಡ ಮಾಧ್ಯಮದ ಶಿಕ್ಷಕರಿಗೆ ಆ ಬಾಗಿಲು ತೆರೆಯಿತು.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ಎಫ್‌ಎ, ಎಸ್‌ಎ ಎಂಬ ಹೆಸರಿನಲ್ಲಿ ಶಾಲೆಯ ದಿನಚರಿಗೆ ಬಂದವು. ಮಗುವಿನ ಚಿತ್ರ, ಬರಹ, ಚಟುವಟಿಕೆಯ ಹಾಳೆಗಳನ್ನು ಕೂಡಿಡುವ ಕೃತಿಸಂಪುಟ ಇದರ ಒಳ್ಳೆಯ ಕೊಡುಗೆ. ಅದನ್ನು ತಿರುವಿದರೆ ಜೂನ್‌ನ ಕೈಬರಹಕ್ಕೂ ಫೆಬ್ರುವರಿಯ ಕೈಬರಹಕ್ಕೂ ಇರುವ ವ್ಯತ್ಯಾಸ ತಾಯಿಗೂ ಕಾಣುತ್ತದೆ. 2016-17ರ ಸುಮಾರಿಗೆ ಬಂದ ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಮ್, ಅಂದರೆ ಸ್ಯಾಟ್ಸ್, ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಟ್ಟು ಈ ಅಂಕಗಳನ್ನು ಗಣಕಕ್ಕೆ ಏರಿಸಿತು. ಮಗು ಗಂಡಸಿಯಿಂದ ಬೆಂಗಳೂರಿನ ಶಾಲೆಗೆ ಹೋದರೂ ದಾಖಲೆ ಹಿಂಬಾಲಿಸುತ್ತದೆ, ವರ್ಗಾವಣೆ ಪತ್ರದ ತೊಡಕು ಕಡಿಮೆಯಾಯಿತು. ವಲಸೆ ಹೋಗುವ ಕುಟುಂಬಗಳ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಕಲಿಕೆಯ ವಿಷಯದಲ್ಲಿ ಸ್ಯಾಟ್ಸ್‌ಗೆ ಸೇರುವುದು ಅಂಕ ಮತ್ತು ಶ್ರೇಣಿ ಮಾತ್ರ. ಮಗು ಕಳೆಯುವಾಗ ದಶಕ ತೆಗೆದುಕೊಳ್ಳುವುದನ್ನು ಮರೆಯಿತೋ, ಲೆಕ್ಕದ ವಾಕ್ಯವೇ ಅರ್ಥವಾಗಲಿಲ್ಲವೋ ಎಂಬುದು ಉತ್ತರಪತ್ರಿಕೆಯಲ್ಲೇ ಉಳಿಯುತ್ತದೆ. ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅಂಕ ಏರಿಸುವ ಕೆಲಸ ಪಾಠದ ಹೊತ್ತನ್ನೂ ತಿನ್ನುತ್ತದೆ. ಶಿಕ್ಷಕರ ಈ ದೂರು ನ್ಯಾಯವಾದದ್ದು.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಎಲ್ಲ ಸಾಧನಗಳೂ ಒಮ್ಮೆಲೇ ಪರೀಕ್ಷೆಗೆ ಒಳಗಾದವು. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಯೋಜನೆ ಮಕ್ಕಳನ್ನು ಮನೆಯಲ್ಲಿರುವ ಫೋನಿನ ಲೆಕ್ಕದಲ್ಲೇ ಗುಂಪು ಮಾಡಿತು: ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನಿನವರು, ಸ್ಮಾರ್ಟ್‌ಫೋನಿನವರು. ಶಿಕ್ಷಕರು ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕಳಿಸಿದರು, ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್ ಮಾಡಿದರು, ದೇವಸ್ಥಾನದ ಜಗಲಿ, ಮರದ ನೆರಳಿನಲ್ಲಿ ಪಾಠ ಮಾಡಿ ನೋಟ್‌ಪುಸ್ತಕ ತಿದ್ದಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಯೋಜನೆಯನ್ನು ತಡೆಹಿಡಿಯಬೇಕಾಯಿತು. 2021ರ ಜುಲೈ 19 ಮತ್ತು 22ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನದಲ್ಲಿ, ದಿನಕ್ಕೆ ಮೂರು ವಿಷಯದಂತೆ, ಬಹು ಆಯ್ಕೆ ಪ್ರಶ್ನೆಗಳು ಮತ್ತು ಓಎಂಆರ್ ಹಾಳೆಯೊಂದಿಗೆ ನಡೆಯಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದ ಈ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. ಆ ವರ್ಷ ಅದು ಮಾನವೀಯ ತೀರ್ಮಾನವೇ ಆಗಿತ್ತು. ಕಲಿಕೆಯಲ್ಲಿ ಆದ ನಷ್ಟದ ಅಳತೆ ಅದರಿಂದ ಸಿಗುವಂತಿರಲಿಲ್ಲ. ಆ ನಷ್ಟ ತುಂಬಲು 2022-23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು, ಅದರ ಮುಖ್ಯ ಸಾಧನ ಮತ್ತೆ ಕಾಗದದ ಕಲಿಕಾ ಹಾಳೆಯೇ ಆಯಿತು.

ಮಕ್ಕಳ ಕೈಯಲ್ಲಿ ಫೋನಿಲ್ಲದ ತರಗತಿಗೆ ಹೊಂದುವ ಸಾಧನಗಳೂ ಇವೆ. ಪ್ಲಿಕರ್ಸ್ ಎಂಬ ಆ್ಯಪ್‌ನಲ್ಲಿ ಪ್ರತಿ ಮಗುವಿಗೂ ಬೇರೆ ಬೇರೆ ಚೌಕಾಕೃತಿ ಇರುವ ರಟ್ಟಿನ ಕಾರ್ಡು ಕೊಡಲಾಗುತ್ತದೆ. ಕಾರ್ಡಿನ ಯಾವ ಅಂಚು ಮೇಲಿದೆಯೋ ಅದೇ ಮಗುವಿನ ಉತ್ತರ. ಮಕ್ಕಳು ಕಾರ್ಡು ಎತ್ತಿ ಹಿಡಿದಾಗ ಶಿಕ್ಷಕರು ತಮ್ಮ ಒಂದೇ ಫೋನಿನ ಕ್ಯಾಮೆರಾವನ್ನು ತರಗತಿಯತ್ತ ತಿರುಗಿಸಿದರೆ ಯಾರು ಏನು ಹೇಳಿದರು ಎಂಬುದು ಪರದೆಯ ಮೇಲೆ ಬರುತ್ತದೆ. ಪಕ್ಕದವರ ಕಾರ್ಡು ನೋಡಿ ನಕಲು ಮಾಡುವುದೂ ಸುಲಭವಲ್ಲ. ಅರ್ಧ ತರಗತಿ ತಪ್ಪು ಉತ್ತರ ಎತ್ತಿದ್ದರೆ ಅದೇ ಅವಧಿಯಲ್ಲಿ ಪಾಠವನ್ನು ಮತ್ತೊಮ್ಮೆ ಮಾಡಬಹುದು. ರಾಜ್ಯದ ಗಣಿತ ಗಣಕ ಕಾರ್ಯಕ್ರಮದಲ್ಲಿ ಶಾಲಾ ಅವಧಿಯ ಆಚೆಗೆ ಪೋಷಕರ ಸಾಮಾನ್ಯ ಫೋನಿಗೇ ಕರೆ ಮಾಡಿ, ಮೂರರಿಂದ ಐದನೆಯ ತರಗತಿಯ ಮಗುವಿಗೆ ಒಂದು ಲೆಕ್ಕ ಕೇಳಿ, ಉತ್ತರ ನೋಡಿಕೊಂಡು ಕೂಡುವುದೋ ಕಳೆಯುವುದೋ ಭಾಗಿಸುವುದೋ ಎಂದು ಮುಂದಿನ ಪಾಠ ನಿರ್ಧರಿಸಲಾಗುತ್ತದೆ. ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿಗಳ ಜೊತೆ ನಡೆಸುವ ಗಣಿತ ಸ್ಪರ್ಧೆಗಳಲ್ಲಿ ಮಕ್ಕಳ ಅಂಕ ಊರಿನವರ ಎದುರೇ ಚರ್ಚೆಗೆ ಬರುತ್ತದೆ.

ಪರೀಕ್ಷೆಯ ಕಾವಲಿಗೂ ಯಂತ್ರ ಬಂದಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಅಳವಡಿಸಿ ನೇರ ವೀಕ್ಷಣೆ ಮಾಡಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಹೆಚ್ಚಿನ ಕೃಪಾಂಕ ಕೊಟ್ಟ ಮೇಲೂ ಶೇ 73.40ಕ್ಕೆ ಇಳಿಯಿತು. 2019ರಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದಿದ್ದ ಹಾಸನ ಸೇರಿದಂತೆ ಎಲ್ಲ ಜಿಲ್ಲೆಗಳಲ್ಲೂ ಹತ್ತನೆಯ ತರಗತಿಗೆ ಮುಂಚಿನ ವರ್ಷಗಳ ಕಲಿಕೆಯ ಬಗ್ಗೆ ಮಾತು ಶುರುವಾಯಿತು. 2025-26ರಲ್ಲಿ ಪಾಠ ಆಧಾರಿತ ಮೌಲ್ಯಾಂಕನ ಜಾರಿಗೆ ಬಂತು. ಪ್ರತಿ ಪಾಠ ಮುಗಿದ ಮೇಲೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ ಪ್ರಶ್ನೆಕೋಠಿಯಿಂದ ಕಿರು ಪರೀಕ್ಷೆ ಮಾಡಿ ಅಂಕಗಳನ್ನು ಗಣಕಕ್ಕೆ ಏರಿಸಬೇಕಾಗಿತ್ತು. ಪಾಠದ ಬೆನ್ನಿಗೇ ತಿಳಿಯಬೇಕೆಂಬ ಉದ್ದೇಶ ಸರಿಯಾದದ್ದೇ. ಎಲ್ಲ ವಿಷಯಗಳಿಗೂ ಹೀಗೆ ಮಾಡಿದರೆ ತಿದ್ದುವುದಕ್ಕೂ ದಾಖಲಿಸುವುದಕ್ಕೂ ಹೊತ್ತು ಸಾಲದು ಎಂದು ಶಿಕ್ಷಕರ ಸಂಘಟನೆಗಳು ವಿರೋಧಿಸಿದವು. ಮಗುವಿನ ಉತ್ತರ ನೋಡಿ ಮುಂದಿನ ಪ್ರಶ್ನೆಯನ್ನು ತಾನೇ ಆರಿಸುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗದ ಹಂತದಲ್ಲಿವೆ. ಒತ್ತಕ್ಷರ ತುಂಬಿದ ಕನ್ನಡ ಕೈಬರಹವನ್ನು, ಅರೆಮಲೆನಾಡಿನ ಮಗುವಿನ ಉಚ್ಚಾರಣೆಯನ್ನು ತಪ್ಪಿಲ್ಲದೆ ಹಿಡಿಯುವುದು ಅವುಗಳ ಮುಂದಿರುವ ಕೆಲಸ.