ಹರಪನಹಳ್ಳಿ ಯಾವ ಜಿಲ್ಲೆ?

ಸಿಇಟಿ ಅರ್ಜಿ ತುಂಬಿದವರಿಗೆ, ಕೆಪಿಎಸ್‌ಸಿ ಪರೀಕ್ಷೆ ಕಟ್ಟಿದವರಿಗೆ ಒಂದು ಕಾಲಂ ನೆನಪಿರುತ್ತೆ: 371ಜೆ ಮೀಸಲಾತಿ ಬೇಕಾ ಅಂತ ಕೇಳುವ ಕಾಲಂ. ದಾವಣಗೆರೆ, ಹರಿಹರದ ಹುಡುಗರು ಅದನ್ನ ಹಾಗೇ ದಾಟಿ ಮುಂದೆ ಹೋಗ್ತಾರೆ. ಪಕ್ಕದ ಹರಪನಹಳ್ಳಿಯವರು ಅಲ್ಲಿ ಟಿಕ್ ಹಾಕ್ತಾರೆ. 2018ರವರೆಗೆ ಅವರೂ ದಾವಣಗೆರೆ ಜಿಲ್ಲೆಯವರೇ. ಆ ಟಿಕ್‌ಗೋಸ್ಕರ ಒಂದು ಇಡೀ ತಾಲ್ಲೂಕು ಜಿಲ್ಲೆ ಬದಲಾಯಿಸಿತು.

ಇದರ ಬೇರು ಹಳೇದು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಆಮೇಲೆ ಅದು ಮದ್ರಾಸಿನ ಪಾಲು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು, ಹರಪನಹಳ್ಳಿಯೂ ಬಂತು. 1997ರಲ್ಲಿ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆ ಮಾಡಿದರು. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು; ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ; ಬಳ್ಳಾರಿಯಿಂದ ಹರಪನಹಳ್ಳಿ. ಆಗ ಇದು ಅನುಕೂಲದ ಮಾತೇ ಆಗಿತ್ತು. ಬಳ್ಳಾರಿ ನೂರು ಕಿಲೋಮೀಟರ್‌ಗೂ ದೂರ, ದಾವಣಗೆರೆ ಅದರ ಅರ್ಧವೂ ಇಲ್ಲ. ಸಂತೆ, ಆಸ್ಪತ್ರೆ, ಕಾಲೇಜು ಎಲ್ಲಕ್ಕೂ ಜನ ಇತ್ತಲೇ ಬರ್ತಿದ್ರು.

ಹದಿನೈದು ವರ್ಷದ ನಂತರ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಯಿತು, 371ಜೆ ಬಂತು. ಹೈದರಾಬಾದ್ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅಲ್ಲಿನ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8, ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ಗುಂಪು ನೋಡಿ ಶೇ. 75ರಿಂದ 85. ಯಾರಿಗೆ? ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಮತ್ತು ಬಳ್ಳಾರಿ ಜಿಲ್ಲೆಗಳಿಗೆ. ನಿಜಾಮನ ಕೈ ತಪ್ಪಿ ಇನ್ನೂರು ವರ್ಷ ಕಳೆದಿದ್ದ ಬಳ್ಳಾರಿ ಒಳಗೆ. ಆ ಬಳ್ಳಾರಿಯಿಂದ ಮೊನ್ನೆ ಮೊನ್ನೆ ಹೊರಬಂದ ಹರಪನಹಳ್ಳಿ ಹೊರಗೆ! ಸಿಟ್ಟು ಬರದೇ ಇರುತ್ತಾ? ಹೋರಾಟ ಶುರುವಾಯಿತು, ಆಗಿನ ಶಾಸಕ ಎಂ.ಪಿ. ರವೀಂದ್ರ ಮುಂದೆ ನಿಂತರು, 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ವಾಪಸ್ ಹೋಯಿತು. 2021ರಲ್ಲಿ ಬಳ್ಳಾರಿಯೇ ಒಡೆದು ವಿಜಯನಗರ ಜಿಲ್ಲೆ ಆದಾಗ ಮತ್ತೆ ವಿಳಾಸ ಬದಲು.

ತಮಾಷೆ ಅಂದ್ರೆ, ಹರಪನಹಳ್ಳಿ ಹಿಂದುಳಿದಿದೆ ಅಂತ ಸರ್ಕಾರಕ್ಕೆ ಮೊದಲೇ ಗೊತ್ತಿತ್ತು. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲೇ ಲೆಕ್ಕ ಕೊಟ್ಟಿತ್ತು. ಅವರು ಜಿಲ್ಲೆ ನೋಡಲಿಲ್ಲ, ಯಾವ ರಾಜನ ಸೀಮೆ ಅಂತಲೂ ಕೇಳಲಿಲ್ಲ. 35 ಸೂಚ್ಯಂಕ ಇಟ್ಟುಕೊಂಡು ಆಗಿದ್ದ 175 ತಾಲ್ಲೂಕುಗಳನ್ನೂ ಒಂದೊಂದಾಗಿ ಅಳೆದರು. 114 ಹಿಂದುಳಿದವು ಅಂತ ಬಂತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಹರಪನಹಳ್ಳಿ ಆ 39ರಲ್ಲಿತ್ತು, ಚನ್ನಗಿರಿಯೂ ಇತ್ತು. ಎಂಟು ವರ್ಷದಲ್ಲಿ 31,000 ಕೋಟಿ ಖರ್ಚು ಮಾಡಿ ಅಂದರು. ಅದರಲ್ಲಿ 16,000 ಕೋಟಿ ಮಾತ್ರ ಹೆಚ್ಚುವರಿ, ಉಳಿದದ್ದು ಹೇಗೂ ಬರಬೇಕಾದ ಬಜೆಟ್ ದುಡ್ಡು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಅನ್ನೋ ಹೆಸರಲ್ಲಿ ಹಣ ಬಂತು. ಆದರೆ ಬಂದದ್ದು ಇಲಾಖೆಗಳ ಮೂಲಕ. ರಸ್ತೆಗೋ ಹಾಸ್ಟೆಲ್ಲಿಗೋ ಬಿದ್ದ ದುಡ್ಡು ಯಾವ ಲೆಕ್ಕದ್ದು ಅಂತ ಊರವರಿಗೆ ಹೇಗೆ ತಿಳಿಬೇಕು? ಮಗಳ ಮೆಡಿಕಲ್ ಸೀಟು ಹಾಗಲ್ಲ. ಅದು ಮನೆಗೇ ಬರುತ್ತೆ, ಹೆಸರಿನ ಸಮೇತ. ಹರಪನಹಳ್ಳಿ ಜಿಲ್ಲೆ ಬಿಟ್ಟಿದ್ದು ಕೋಟಿಗಳಿಗಿಂತ ಈ ಸೀಟಿಗೆ, ಈ ಕೆಲಸಕ್ಕೆ ಅಂತ ನನಗನ್ನಿಸುತ್ತೆ.

ಗೆರೆ ಎಳೆದು ನಿಧಿ ಹಿಡಿಯೋದು ನಮ್ಮವರಷ್ಟೇ ಕಲಿತ ವಿದ್ಯೆ ಅಲ್ಲ ಬಿಡಿ. ಯುರೋಪಿಯನ್ ಒಕ್ಕೂಟದಲ್ಲಿ ಒಂದು ಪ್ರದೇಶದ ತಲಾ ಉತ್ಪನ್ನ ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆ ಇದ್ರೆ ದೊಡ್ಡ ನೆರವು. 1990ರ ದಶಕದಲ್ಲಿ ಐರ್ಲೆಂಡ್ ಶ್ರೀಮಂತವಾಗಿ ಆ ಗೆರೆ ದಾಟಿಬಿಟ್ಟಿತು. ಏನು ಮಾಡಿದರು ಗೊತ್ತಾ? 1999ರಲ್ಲಿ ದೇಶವನ್ನೇ ಎರಡು ಪ್ರದೇಶ ಮಾಡಿದರು, ಬಡ ಪಶ್ಚಿಮ ಭಾಗಕ್ಕೆ ನೆರವು ಉಳಿಯಲಿ ಅಂತ. ಅವರ ಸರ್ಕಾರ 15 ಕೌಂಟಿಗಳನ್ನ ಸೇರಿಸಿ ಪಟ್ಟಿ ಕಳಿಸಿತು. ಯುರೋಪಿನ ಅಂಕಿಅಂಶ ಕಚೇರಿ ಒಪ್ಪಿದ್ದು 13ಕ್ಕೆ. ಕ್ಲೇರ್ ಮತ್ತು ಕೆರ್ರಿ ಹೊರಗುಳಿದವು. ಇನ್ನೊಂದು ವಿಷಯಕ್ಕೆ ಮಾತ್ರ ನನಗೆ ಅವರ ಮೇಲೆ ಹೊಟ್ಟೆಕಿಚ್ಚು: ಅಲ್ಲಿ ಕೊಟ್ಟ ದುಡ್ಡನ್ನ ಎರಡು ಮೂರು ವರ್ಷದ ಗಡುವಿನೊಳಗೆ ಖರ್ಚು ತೋರಿಸದಿದ್ರೆ ಅದು ಕೈತಪ್ಪಿ ಹೋಗುತ್ತೆ. ನಮ್ಮಲ್ಲಿ ಮಂಡಳಿಯ ಅನುದಾನ 3,000 ಕೋಟಿ ಆಯಿತು, 2023-24ಕ್ಕೆ 5,000 ಕೋಟಿ ಅಂತ ಘೋಷಣೆಯೂ ಆಯಿತು. ಘೋಷಣೆ ದೊಡ್ಡಕ್ಷರದಲ್ಲಿ ಬರುತ್ತೆ, ಎಷ್ಟು ಖರ್ಚಾಯಿತು ಅನ್ನೋದನ್ನ ಹುಡುಕಿ ಓದಬೇಕು.

ನಮ್ಮ ಕ್ಲೇರ್, ಕೆರ್ರಿ ಯಾವುದು ಅಂದ್ರೆ ಜಗಳೂರು. ಹರಪನಹಳ್ಳಿ ಕಡೆ ಬರೋ ಬರ ಜಗಳೂರಿನ ಗಡಿ ನೋಡಿ ನಿಲ್ಲಲ್ಲ. ಅದೇ ಮೆಕ್ಕೆಜೋಳ, ಅದೇ ಬತ್ತಿದ ಬೋರ್‌ವೆಲ್. ಆದರೆ ಜಗಳೂರು ಮೈಸೂರು ಮಹಾರಾಜರ ಸೀಮೆ. ಬಳ್ಳಾರಿಗೆ ವಾಪಸ್ ಹೋಗ್ತೀವಿ ಅನ್ನೋಕೆ ಅದು ಯಾವತ್ತೂ ಬಳ್ಳಾರಿಯಲ್ಲಿ ಇರಲೇ ಇಲ್ಲ. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅವರಿಗೆ ಪ್ರಾದೇಶಿಕ ಅಸಮತೋಲನವನ್ನ ಹೊಸದಾಗಿ ಅಳೆಯೋ ಕೆಲಸ ಕೊಟ್ಟಿತು. ತಾಲ್ಲೂಕಿನ ಅಂಕಿ ಬದಲಾದರೆ ನಿಧಿಯ ಪಾಲು ಬದಲಾಗಬಹುದು. 371ಜೆ ಕಾಲಂ ಬದಲಾಗಲ್ಲ. ಈ ವರ್ಷವೂ ಜಗಳೂರಿನ ಹುಡುಗಿ ಅದನ್ನ ಖಾಲಿ ಬಿಟ್ಟೇ ಅರ್ಜಿ ಸಲ್ಲಿಸ್ತಾಳೆ.